ನದಿಗಳ ಹೆಸರಿನ ಯಂತ್ರಗಳು, ಕೆರೆಗಳ ಮೇಲಿನ ನಿಲ್ದಾಣಗಳು: ಬೆಂಗಳೂರಿನ ನೆಲದಡಿ ಮೆಟ್ರೊ

ಮಾನ್ಯರೇ, 2024ರ ಅಕ್ಟೋಬರ್ 30ರಂದು ‘ಭದ್ರಾ’ ಎಂಬ ಸುರಂಗ ಕೊರೆಯುವ ಯಂತ್ರವು ಕಾಡುಗೊಂಡನಹಳ್ಳಿಯ ಕಡೆಯಿಂದ ಬಂದು ನಾಗವಾರ ನಿಲ್ದಾಣದ ಗೋಡೆಯನ್ನು ಒಡೆದು ಹೊರಬಿದ್ದಾಗ, ನಮ್ಮ ಮೆಟ್ರೊ ಗುಲಾಬಿ ಮಾರ್ಗದ ಸುರಂಗ ಕೊರೆಯುವ ಕೆಲಸ ಮುಗಿಯಿತು. ಒಂಬತ್ತು ಯಂತ್ರಗಳು ನಾಲ್ಕು ವರ್ಷಗಳಿಗೂ ಮೀರಿ ದುಡಿದು, ಜೋಡಿ ಸುರಂಗಗಳೆರಡನ್ನೂ ಕೂಡಿಸಿದರೆ ಸುಮಾರು 21 ಕಿಲೋಮೀಟರ್ ಉದ್ದಕ್ಕೆ, ಈ ಊರಿನ ಕೆಳಗಿನ ಮಣ್ಣನ್ನೂ ಬಂಡೆಯನ್ನೂ ಕೊರೆದಿದ್ದವು. ಅವುಗಳಲ್ಲಿ ಮೂರಕ್ಕೆ ತುಂಗಾ, ಭದ್ರಾ, ವರದಾ ಎಂದು ಹೆಸರಿಟ್ಟಿದ್ದರು. ಅದಕ್ಕೂ ಮೊದಲು, ಊರನ್ನು ಉತ್ತರ ದಕ್ಷಿಣವಾಗಿ ಹಾಯುವ ಹಸಿರು ಮಾರ್ಗದಲ್ಲಿ ಕಾವೇರಿ, ಕೃಷ್ಣಾ, ಗೋದಾವರಿ ಎಂಬ ಯಂತ್ರಗಳು ಕೆಲಸ ಮಾಡಿದ್ದವು. ದೊಡ್ಡ ನದಿಯ ದಂಡೆ ಸಿಗದೆ, ಮಳೆನೀರಿಗೆ ಕೆರೆ ಕಟ್ಟಿಕೊಂಡು ಬಾಳಿದ ಊರು ತನ್ನ ನೆಲದ ಕೆಳಗೆ ಹೋಗುವ ಯಂತ್ರಗಳಿಗೆ ನಾಡಿನ ನದಿಗಳ ಹೆಸರನ್ನು ಇಟ್ಟದ್ದು ನನ್ನ ಮನಸ್ಸಿಗೆ ಹತ್ತಿರವಾದ ಸಂಗತಿ.

ಇಂದು ನಾನು ಹೇಳಬೇಕೆಂದು ಬಂದಿರುವುದು ಒಂದೇ ವಿಷಯ. ನೆಲದಡಿಯ ರೈಲು ಎಷ್ಟು ಬೇಗ ಬರುತ್ತದೆ, ಅದಕ್ಕೆ ಎಷ್ಟು ಹಣ ಬೇಕಾಗುತ್ತದೆ, ಮೇಲಿರುವ ಮನೆಗಳಿಗೆ ಅದು ಎಷ್ಟು ಕ್ಷೇಮ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಊರಿನ ಕೆಳಗಿರುವ ನೆಲ. ಆ ನೆಲವನ್ನು ಕುರಿತು ಕಳೆದ ಒಂದೂವರೆ ದಶಕದಲ್ಲಿ ಬೆಂಗಳೂರು ಬಹಳ ಕಷ್ಟಪಟ್ಟು, ಬಹಳ ಬೆಲೆ ತೆತ್ತು ಕಲಿತದ್ದನ್ನು ಎಲ್ಲರಿಗೂ ಸಿಗುವಂತೆ ಬರೆದಿಡದೆ ಹೋದರೆ, ಮುಂದಿನ ಸುರಂಗಕ್ಕೆ ನಾವು ಮತ್ತೆ ಕತ್ತಲಲ್ಲಿ ತಡಕಾಡುತ್ತ ಇಳಿಯಬೇಕಾಗುತ್ತದೆ.

ಬೆಂಗಳೂರಿಗೆ ಮೆಟ್ರೊ ಬೇಕೆಂಬ ಮಾತು ಹಳೆಯದು. 1983ರಲ್ಲಿಯೇ ದಕ್ಷಿಣ ರೈಲ್ವೆಯು ಒಂದು ಮೆಟ್ರೊ ಮಾರ್ಗವನ್ನೂ ಅದರ ಜೊತೆಗೆ ಉಪನಗರ ರೈಲುಗಳನ್ನೂ ಸೂಚಿಸಿತ್ತು. ಆ ಸೂಚನೆ ಕಡತದಲ್ಲಿಯೇ ಉಳಿಯಿತು. ನಡುವೆ ಲಘು ರೈಲಿನ ಯೋಜನೆಯೊಂದು ಬಂದು ಹೋಯಿತು. 2003ರಲ್ಲಿ ದೆಹಲಿ ಮೆಟ್ರೊ ರೈಲು ನಿಗಮ ವಿವರವಾದ ಯೋಜನಾ ವರದಿಯನ್ನು ಸಿದ್ಧಪಡಿಸಿಕೊಟ್ಟ ಮೇಲೆ ಕೆಲಸಕ್ಕೆ ಒಂದು ರೂಪ ಬಂತು. 2006ರ ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ರೈಲು ಓಡಿತು. ಆ ತುಂಡು ಬಹುಮಟ್ಟಿಗೆ ಕಂಬಗಳ ಮೇಲಿತ್ತು. ಅಲ್ಲಿಂದ ಪಶ್ಚಿಮಕ್ಕೆ ಇಳಿಜಾರಿನಲ್ಲಿ ನೆಲದೊಳಗೆ ಹೋಗಿ ಕಬ್ಬನ್ ಪಾರ್ಕ್, ವಿಧಾನಸೌಧ, ಸರ್ ಎಂ. ವಿಶ್ವೇಶ್ವರಯ್ಯ, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣಗಳನ್ನು ಮುಟ್ಟಬೇಕಿದ್ದ ಐದು ಕಿಲೋಮೀಟರಿಗೂ ಕಡಿಮೆ ಉದ್ದದ ಭಾಗ ಜನರಿಗೆ ತೆರೆದದ್ದು 2016ರ ಏಪ್ರಿಲ್ ಕೊನೆಯಲ್ಲಿ. ಎಂ.ಜಿ. ರಸ್ತೆಯ ತುದಿಯಲ್ಲಿ ನಿಂತ ರೈಲು ಮುಂದಿನ ನಿಲ್ದಾಣವಾದ ಕಬ್ಬನ್ ಪಾರ್ಕಿಗೆ ಹೋಗಲು ನಾಲ್ಕೂವರೆ ವರ್ಷ ಕಾಯಬೇಕಾಯಿತು. ದಕ್ಷಿಣ ಭಾರತದ ಮೊದಲ ನೆಲದಡಿ ಮೆಟ್ರೊ ಅದು. 2017ರ ಜೂನ್ 17ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಹಸಿರು ಮಾರ್ಗದ ಉಳಿದ ಭಾಗವನ್ನು ಉದ್ಘಾಟಿಸಿದಾಗ 42.3 ಕಿಲೋಮೀಟರ್‌ಗಳ ಮೊದಲ ಹಂತ ಪೂರ್ಣವಾಯಿತು. ಅದರಲ್ಲಿ ನೆಲದಡಿಯ ಪಾಲು 8.8 ಕಿಲೋಮೀಟರ್, ನೆಲದಡಿಯ ನಿಲ್ದಾಣಗಳು ಏಳು. ಇಡೀ ಯೋಜನೆಯ ಗಡುವುಗಳನ್ನು ಮತ್ತೆ ಮತ್ತೆ ಮುಂದಕ್ಕೆ ತಳ್ಳುವಂತೆ ಮಾಡಿದ್ದರಲ್ಲಿ ಐದರಲ್ಲೊಂದು ಪಾಲಿನಷ್ಟಿದ್ದ ಈ ಭಾಗದ ಕೈ ದೊಡ್ಡದು.

ಇದರ ಕಾರಣ ತಿಳಿಯಬೇಕಾದರೆ ಲಾಲ್‌ಬಾಗಿಗೆ ಹೋಗಿ, ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಒಂದಷ್ಟು ಹೊತ್ತು ನಿಲ್ಲಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಆ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಪೆನಿನ್ಸುಲಾರ್ ನೈಸ್ ಎಂದು ಕರೆಯುವ ಈ ಕಲ್ಲೇ ಬೆಂಗಳೂರಿನ ಅಡಿಪಾಯ. ಲಾಲ್‌ಬಾಗಿನಲ್ಲಿ ಅದು ಬರಿಗಣ್ಣಿಗೆ ಕಾಣುವಂತೆ ಹೊರಗೆ ಎದ್ದು ನಿಂತಿದೆ, ಬೇರೆಡೆ ಮಣ್ಣಿನ ಕೆಳಗೆ ಅಡಗಿದೆ. ಅಡಗಿರುವ ಬಂಡೆಯ ಮೇಲ್ಮೈ ಸಪಾಟಾಗಿದ್ದಿದ್ದರೆ ಸುರಂಗದ ಕೆಲಸ ಸುಲಭವಾಗುತ್ತಿತ್ತು. ಆದರೆ ಕೋಟ್ಯಂತರ ವರ್ಷಗಳ ಮಳೆಬಿಸಿಲಿನಲ್ಲಿ ಕಲ್ಲು ಬಿರುಕಿನ ಜಾಡು ಹಿಡಿದು ಕೊಳೆಯುತ್ತದೆ. ಬಿರುಕಿರುವ ಕಡೆ ಕೊಳೆತ ಆಳಕ್ಕೆ ಇಳಿಯುತ್ತದೆ, ಬಿರುಕಿಲ್ಲದ ಕಡೆ ಕಲ್ಲು ಗಟ್ಟಿಯಾಗಿ ಮೇಲಕ್ಕೇ ಉಳಿಯುತ್ತದೆ, ಎರಡರ ನಡುವೆ ಸುತ್ತಲೂ ಕರಗಿ ಹೋದ ಮೇಲೂ ಕರಗದೆ ಉಳಿದ ದುಂಡು ಗುಂಡುಗಳು ಮಣ್ಣಿನಲ್ಲಿ ಹೂತು ಕುಳಿತಿರುತ್ತವೆ. ಹೀಗಾಗಿ ನೆಲದ ಪರೀಕ್ಷೆಗೆಂದು ಇಲ್ಲಿ ಕೊರೆದ ಬೋರ್‌ಹೋಲ್‌ನಲ್ಲಿ ಎಂಟು ಮೀಟರಿಗೇ ಬಂಡೆ ಸಿಕ್ಕಿದ್ದು, ಕೂಗಳತೆಯಲ್ಲಿರುವ ಇನ್ನೊಂದರಲ್ಲಿ ಇಪ್ಪತ್ತು ಮೀಟರ್ ಇಳಿದರೂ ಬರಿಯ ಗೊರಚು, ಅಂದರೆ ಕೊಳೆತು ಸಡಿಲವಾದ ಕಲ್ಲು, ಸಿಗುವುದು ಈ ಊರಿನಲ್ಲಿ ಅಚ್ಚರಿಯ ಮಾತೇನಲ್ಲ.

ನೆಲದ ಪರೀಕ್ಷೆ ನಡೆಯುವ ಕಡೆ ಉದ್ದನೆಯ ಪೆಟ್ಟಿಗೆಗಳನ್ನು ನೀವು ನೋಡಿರಬಹುದು. ಪೆಟ್ಟಿಗೆಯೊಳಗೆ ಉದ್ದುದ್ದ ಪಟ್ಟಿಗಳಿಂದ ಸಾಲುಗಳನ್ನು ಮಾಡಿ, ಬೋರ್‌ಹೋಲ್‌ನಿಂದ ತೆಗೆದ ಕಲ್ಲಿನ ಕೋರ್‌ಗಳನ್ನು ಮೇಲಿನಿಂದ ಕೆಳಗಿನವರೆಗೆ ಅದೇ ಕ್ರಮದಲ್ಲಿ ಮಲಗಿಸಿ, ಆಳವನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಮೊದಲ ಸಾಲಿನಲ್ಲಿ ಕೆಂಪು ಮಣ್ಣಿನ ಹೆಂಟೆ, ಅದರ ಕೆಳಗೆ ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವ ಬಿಳಿಚಿದ ಕಲ್ಲು, ಮತ್ತೆ ಒಂದು ಅಡಿ ಗಟ್ಟಿ ಬಂಡೆ, ಬಂಡೆ ಸಿಕ್ಕಿತೆಂದುಕೊಳ್ಳುವಷ್ಟರಲ್ಲಿ ಮತ್ತೆ ಮಣ್ಣು. ಆ ಒಂದು ಅಡಿ ಕಲ್ಲು ಬಂಡೆಯಲ್ಲ, ಮಣ್ಣಿನಲ್ಲಿ ಕುಳಿತ ಗುಂಡು. ಅದನ್ನು ಬಂಡೆಯೆಂದು ತಿಳಿದು ನಕ್ಷೆ ಬರೆದರೆ ಸುರಂಗದ ಲೆಕ್ಕವೆಲ್ಲ ತಪ್ಪುತ್ತದೆ. ಪೆಟ್ಟಿಗೆಯ ಆ ಒಂದು ಸಾಲನ್ನು ಸರಿಯಾಗಿ ಓದಬಲ್ಲ ಭೂವಿಜ್ಞಾನಿಯ ಕಣ್ಣಿಗೆ ನಾನು ತುಂಬ ಬೆಲೆ ಕೊಡುತ್ತೇನೆ.

ಇದೇ ವಿದ್ಯೆ ಪದವಿಯಿಲ್ಲದೆಯೂ ಇಲ್ಲಿ ಬೆಳೆದಿದೆ ಎಂಬುದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಬೆಂಗಳೂರಿನ ಸುತ್ತ ತಲೆತಲಾಂತರದಿಂದ ಬಾವಿ ತೋಡುತ್ತ ಬಂದಿರುವ ಮಣ್ಣುವಡ್ಡರು ಗುದ್ದಲಿಯ ಸದ್ದಿನಲ್ಲಿಯೇ ಕೆಮ್ಮಣ್ಣು ಮುಗಿದು ಗೊರಚು ಶುರುವಾದದ್ದನ್ನೂ, ಒರತೆ ಯಾವ ಪದರದಲ್ಲಿ ಬರುತ್ತದೆಂಬುದನ್ನೂ ಬಲ್ಲವರು. ಕೋಲಾರದ ಚಿನ್ನದ ಗಣಿಗಳಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂದ ಕಾರ್ಮಿಕರೂ ಎಂಜಿನಿಯರರೂ ಈ ನಾಡಿನವರೇ. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಆ ಗಣಿಗಳ ಊರಿನಲ್ಲಿಯೇ. ನೆಲದಡಿಯ ಕೆಲಸ ನಮಗೆ ಪರದೇಶದಿಂದ ಬಂದ ಹೊಸ ವಿದ್ಯೆಯೆಂದು ಯಾರೂ ತಿಳಿಯಬಾರದು.

ಈಗ ಯಂತ್ರದ ಮಾತಿಗೆ ಬರೋಣ. ಟಿಬಿಎಂ ಎಂದು ಎಲ್ಲರೂ ಕರೆಯುವ ಈ ಯಂತ್ರದ ಮುಖದಲ್ಲಿ ತಿರುಗುವ ದೊಡ್ಡ ಚಕ್ರವೊಂದಿದೆ, ಅದನ್ನು ಕಟರ್ ಹೆಡ್ ಎನ್ನುತ್ತಾರೆ. ಗಟ್ಟಿ ಕಲ್ಲನ್ನು ಒತ್ತಿ ಸೀಳುವ ಉಕ್ಕಿನ ಡಿಸ್ಕ್‌ಗಳು ಅದರ ಮೇಲಿರುತ್ತವೆ. ಹಿಂದೆ ಕೂಡಿಸಿದ ಕಾಂಕ್ರೀಟ್ ರಿಂಗ್‌ಗೆ ಜ್ಯಾಕ್‌ಗಳನ್ನು ಒತ್ತಿ ಯಂತ್ರ ತನ್ನನ್ನು ತಾನೇ ಮುಂದಕ್ಕೆ ನೂಕಿಕೊಳ್ಳುತ್ತದೆ. ಒಂದು ರಿಂಗ್‌ನಷ್ಟು, ಅಂದರೆ ಒಂದೂವರೆ ಮೀಟರಿನಷ್ಟು ಮುಂದೆ ಹೋದ ಮೇಲೆ ನಿಂತು, ಬಾಗಿದ ಕಾಂಕ್ರೀಟ್ ಸೆಗ್ಮೆಂಟ್‌ಗಳನ್ನು ಸುತ್ತಲೂ ಜೋಡಿಸಿ ಇನ್ನೊಂದು ರಿಂಗ್ ಕಟ್ಟುತ್ತದೆ. ರಿಂಗಿಗೂ ಮಣ್ಣಿಗೂ ನಡುವೆ ಉಳಿದ ಸಂದಿಗೆ ಗ್ರೌಟ್ ಎಂಬ ತೆಳು ಗಾರೆಯನ್ನು ತುಂಬುತ್ತಾರೆ. ಹೀಗೆ ಸಿದ್ಧವಾಗುವ ಸುರಂಗದ ಒಳವ್ಯಾಸ ಆರು ಮೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಮೆಟ್ರೊ ತಲೆಯ ಮೇಲಿನ ತಂತಿಯನ್ನು ಬಿಟ್ಟು, ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ವಿದ್ಯುತ್ತನ್ನು ಪಡೆಯುವುದರಿಂದ ಸುರಂಗ ಇಷ್ಟು ಕಿರಿದಾಗಿದ್ದರೂ ಸಾಕಾಗುತ್ತದೆ. ಆ ಕಿರಿದಾದ ಕೊಳವೆಯಲ್ಲಿ ಆರು ಬೋಗಿಯ ಒಂದು ರೈಲು ಸುಮಾರು 2,000 ಜನರನ್ನು ಒಯ್ಯಬಲ್ಲದು.

ಪೂರ್ತಿ ಮೆತ್ತನೆಯ ಮಣ್ಣಾದರೆ ಯಂತ್ರ ಸಲೀಸಾಗಿ ಹೋಗುತ್ತದೆ. ಪೂರ್ತಿ ಗಟ್ಟಿ ಬಂಡೆಯಾದರೆ ನಿಧಾನವಾಗಿಯಾದರೂ ನೆಮ್ಮದಿಯಿಂದ ಹೋಗುತ್ತದೆ. ಕಷ್ಟವಿರುವುದು ಕಟರ್ ಹೆಡ್‌ನ ಕೆಳಗಿನ ಅರ್ಧ ಬಂಡೆಯಲ್ಲಿಯೂ ಮೇಲಿನ ಅರ್ಧ ಮಣ್ಣಿನಲ್ಲಿಯೂ ಇರುವಾಗ, ಬೆಂಗಳೂರಿನಲ್ಲಿ ಮೇಲಿಂದ ಮೇಲೆ ಎದುರಾಗುವ ಸ್ಥಿತಿ ಇದೇ. ತಿರುಗುವ ಡಿಸ್ಕ್ ಒಂದೊಂದು ಸುತ್ತಿಗೂ ಮಣ್ಣಿನಿಂದ ಬಂಡೆಗೆ ಅಪ್ಪಳಿಸುತ್ತದೆ, ಬೇಗ ಸವೆಯುತ್ತದೆ, ಒಡೆಯುತ್ತದೆ. ಕೆಳಗಿನ ಕಲ್ಲು ಮುಂದಕ್ಕೆ ಬಿಡುವುದಿಲ್ಲ, ಯಂತ್ರ ತಿರುಗುತ್ತಲೇ ಇರುತ್ತದೆ, ಅಷ್ಟು ಹೊತ್ತೂ ಮೇಲಿನ ಸಡಿಲ ಮಣ್ಣು ಒಳಕ್ಕೆ ಉದುರುತ್ತಲೇ ಇರುತ್ತದೆ. ಒಂದೂವರೆ ಮೀಟರಿಗೆ ಬರಬೇಕಾದ್ದಕ್ಕಿಂತ ಹೆಚ್ಚು ಮಣ್ಣು ಬಂದರೆ ಮೇಲೆಲ್ಲೋ ಒಂದು ಟೊಳ್ಳು ಉಂಟಾಗಿದೆ ಎಂದೇ ಅರ್ಥ. ಸವೆದ ಡಿಸ್ಕ್‌ಗಳನ್ನು ಬದಲಿಸಲು ಕೆಲಸಗಾರರು ಒತ್ತಡದ ಗಾಳಿ ತುಂಬಿದ ಕೋಣೆಯ ಮೂಲಕ ಯಂತ್ರದ ಮುಖಕ್ಕೇ ಹೋಗಬೇಕಾಗುತ್ತದೆ. ಅವರ ಎದುರಿಗಿರುವುದು ಬರಿಯ ನೆಲ. ನಾವು ಪ್ಲಾಟ್‌ಫಾರ್ಮಿನಲ್ಲಿ ಎರಡು ನಿಮಿಷ ತಡವಾಯಿತೆಂದು ಗಡಿಯಾರ ನೋಡಿಕೊಳ್ಳುವಾಗ ಆ ಜನರ ನೆನಪು ನನಗೆ ಬರುತ್ತದೆ.

ಹಸಿರು ಮಾರ್ಗದಲ್ಲಿ ಇದೆಲ್ಲವೂ ನಮ್ಮ ಕಣ್ಣೆದುರೇ ನಡೆಯಿತು. ಗೋದಾವರಿ ಯಂತ್ರದ ಕಟರ್ ಹೆಡ್ ಹಾಳಾಗಿ ಅದು ತಿಂಗಳುಗಟ್ಟಲೆ ನಿಂತುಹೋಯಿತು. ಚಿಕ್ಕಪೇಟೆಯಿಂದ ಮೆಜೆಸ್ಟಿಕ್‌ಗೆ ಹೊರಟ ಕೃಷ್ಣಾ ಯಂತ್ರ ಎಲ್ಲಕ್ಕಿಂತ ಕೊನೆಗೆ, 2016ರ ಸೆಪ್ಟೆಂಬರ್‌ನಲ್ಲಿ, ಅಲ್ಲಿಗೆ ತಲುಪಿತು. ಅಲ್ಲಿಯವರೆಗೆ ಸಂಪಿಗೆ ರಸ್ತೆಯ ಉತ್ತರದ ರೈಲು ಉತ್ತರದಲ್ಲಿಯೇ ಓಡಾಡುತ್ತಿತ್ತು. ಚಿಕ್ಕಪೇಟೆ ಎಂದರೆ 1537ರ ಸುಮಾರಿಗೆ ಕೆಂಪೇಗೌಡರು ಕಟ್ಟಿಸಿದ ಪೇಟೆಯ ನಟ್ಟನಡು. ಎದುರುಬದುರು ಅಂಗಡಿಗಳ ನೆರಳು ಒಂದಕ್ಕೊಂದು ತಾಗುವಷ್ಟು ಕಿರಿದಾದ ಬೀದಿಗಳು, ಮಣ್ಣುಗಾರೆಯಲ್ಲಿ ಎಬ್ಬಿಸಿದ ಗೋಡೆಗಳು, ಒಂದರ ಹೆಗಲಿಗೆ ಒಂದು ಒರಗಿ ನಿಂತ ಮನೆಗಳು. ಅಂಥ ಕಡೆ ಗೋಡೆಗಳಿಗೆ ಬಿರುಕು ಅಳೆಯುವ, ವಾಲುವಿಕೆ ಅಳೆಯುವ ಉಪಕರಣಗಳನ್ನು ಅಂಟಿಸಿ, ಯಂತ್ರ ಕೆಳಗೆ ಹಾದುಹೋಗುವ ದಿನಗಳಲ್ಲಿ ಹಗಲೂ ರಾತ್ರಿ ಅವುಗಳನ್ನು ಓದುತ್ತಿರಬೇಕು. ತೀರ ಹಳೆಯ ಕಟ್ಟಡಗಳಾದರೆ ಮನೆಮಂದಿಯನ್ನು ಒಂದಷ್ಟು ದಿನ ಬೇರೆಡೆಗೆ ಕಳಿಸಬೇಕಾಗುತ್ತದೆ. ಕೆಳಗೆ ಯಂತ್ರ ಹೋಗುತ್ತಿದೆ, ಇವತ್ತು ಒಲೆ ಹಚ್ಚದೆ ಮನೆ ಬಿಡಿ ಎಂದು ಎಂಬತ್ತು ವರ್ಷದ ಮುದುಕಿಗೆ ಹೇಳುವುದು ಎಂಜಿನಿಯರಿಂಗ್ ಪುಸ್ತಕದಲ್ಲಿ ಇರದ ಕೆಲಸ.

ಬೆಂಗಳೂರಿನ ನೆಲದಲ್ಲಿ ಬಂಡೆಯ ಜೊತೆಗೆ ಮನುಷ್ಯರ ಕೈಕೆಲಸವೂ ಹೂತಿದೆ. ಮೆಜೆಸ್ಟಿಕ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಗೆ ನೀರು ಕೊಟ್ಟ ಕೆರೆ ಬತ್ತಿ, ಬಯಲಾಗಿ, ಬಸ್ ನಿಲ್ದಾಣವಾಗಿ, ಈಗ ಅದರ ಅಡಿಯಲ್ಲಿ ಪೂರ್ವ ಪಶ್ಚಿಮದ ನೇರಳೆ ಮಾರ್ಗವೂ ಅದಕ್ಕಿಂತ ಕೆಳಗೆ ಹಸಿರು ಮಾರ್ಗವೂ ಒಂದನ್ನೊಂದು ಅಡ್ಡ ಹಾಯುತ್ತವೆ. ಸಂಜೆಯ ಹೊತ್ತು ಅಲ್ಲಿ ಒಂದು ಮಾರ್ಗದಿಂದ ಇನ್ನೊಂದಕ್ಕೆ ಎಸ್ಕಲೇಟರಿನಲ್ಲಿ ಇಳಿಯುವಾಗ, ನಾವು ಇಳಿಯುತ್ತಿರುವುದು ಕೆರೆಯ ಹೂಳನ್ನೂ ದಾಟಿ ಅದರ ಕೆಳಗಿನ ಕಲ್ಲಿನ ಹಾಸಿಗೆಗೆ ಎಂದು ಒಮ್ಮೆ ನೆನೆಸಿಕೊಳ್ಳಿ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಜಾಗದಲ್ಲಿಯೂ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿತ್ತು. ಅಲ್ಲಿ, ಕೋಟೆಯ ಮಗ್ಗುಲಲ್ಲಿ, ನಿಲ್ದಾಣಕ್ಕಾಗಿ ಅಗೆಯುವಾಗ 2012ರಲ್ಲಿ ಟಿಪ್ಪುವಿನ ಕಾಲದ ತೋಪುಗಳು ಸಿಕ್ಕವು. ಹೀಗೆ ಹಸಿರು ಮಾರ್ಗದ ಎರಡು ನೆಲದಡಿ ನಿಲ್ದಾಣಗಳು ಎರಡು ಕೆರೆಗಳ ಜಾಗದಲ್ಲಿವೆ. ಊರು ಕೆರೆಯನ್ನು ಮರೆತರೂ ಕೆರೆಯ ಹೂಳು, ಅದಕ್ಕೆ ಬರುತ್ತಿದ್ದ ಕಾಲುವೆಯ ಜಾಡು, ಆ ಜಾಡಿನಲ್ಲಿ ಈಗಲೂ ಹರಿಯುವ ನೀರು ನೆಲದಲ್ಲಿ ಹಾಗೆಯೇ ಇರುತ್ತವೆ.

ಗುಲಾಬಿ ಮಾರ್ಗದಲ್ಲಿ ಕೆಲಸದ ಗಾತ್ರವೇ ಬೇರೆಯಾಯಿತು. ಕಾಳೇನ ಅಗ್ರಹಾರದಿಂದ ನಾಗವಾರದವರೆಗೆ 21.26 ಕಿಲೋಮೀಟರ್, ಅದರಲ್ಲಿ ಡೇರಿ ವೃತ್ತದಿಂದ ನಾಗವಾರದವರೆಗಿನ 13.76 ಕಿಲೋಮೀಟರ್ ನೆಲದಡಿಯಲ್ಲಿ, ಹನ್ನೆರಡು ನಿಲ್ದಾಣಗಳು. ಮೊದಲ ಹಂತದ ನೆಲದಡಿಯ ಎಲ್ಲ ಭಾಗವನ್ನೂ ಕೂಡಿಸಿದರೂ ಇದರ ಮುಕ್ಕಾಲು ಪಾಲನ್ನೂ ಮುಟ್ಟುವುದಿಲ್ಲ. 2020ರಲ್ಲಿ, ಕೋವಿಡ್ ನಡುವೆಯೇ, ಯಂತ್ರಗಳು ಇಳಿದವು. 2021ರ ಸೆಪ್ಟೆಂಬರ್ 22ರಂದು ಊರ್ಜಾ ಯಂತ್ರ ದಂಡು ನಿಲ್ದಾಣದ ಕಡೆಯಿಂದ ಬಂದು ಶಿವಾಜಿನಗರದಲ್ಲಿ ಹೊರಬಿತ್ತು. ಇಲ್ಲಿ ಯಂತ್ರದ ಮುಖದಲ್ಲಿ ಬೆಂಟೊನೈಟ್ ಎಂಬ ಜೇಡಿಯನ್ನು ಕಲಸಿದ ನೀರನ್ನು ಒತ್ತಡದಲ್ಲಿ ನಿಲ್ಲಿಸಿ ನೆಲವನ್ನು ಹಿಡಿದಿಡುವ ಬಗೆಯ ಟಿಬಿಎಂಗಳನ್ನೂ ಬಳಸಿದರು. ಈ ಮಾರ್ಗದ ನಿಲ್ದಾಣಗಳ ಹೆಸರನ್ನು ಓದಿದರೆ ಊರಿನ ಕಸುಬುಗಳ ನಕ್ಷೆಯೇ ಕಾಣುತ್ತದೆ: ಟ್ಯಾನರಿ ರಸ್ತೆ, ಪಾಟರಿ ಟೌನ್. ಕೆರೆಯ ಜೇಡಿಮಣ್ಣನ್ನು ತಿಗರಿಯ ಮೇಲೆ ತಿರುಗಿಸಿದ ಕುಂಬಾರರ ಕೇರಿಯ ಕೆಳಗೆ ಈಗ ಸುರಂಗವಿದೆ.

ಆದರೆ ನೆಲ ಎಲ್ಲ ಕಡೆಯೂ ಸುಮ್ಮನೆ ದಾರಿ ಬಿಡಲಿಲ್ಲ. 2023ರ ಜನವರಿ 12ರಂದು, ಕೆಳಗೆ ಸುರಂಗ ಸಾಗಿದ್ದ ಬ್ರಿಗೇಡ್ ರಸ್ತೆಯಲ್ಲಿ, ಶೂಲೆ ವೃತ್ತದ ಹತ್ತಿರ, ಹಾಡಹಗಲೇ ರಸ್ತೆ ಕುಸಿದು ಗುಂಡಿ ಬಿತ್ತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಒಬ್ಬರಿಗೆ ಗಾಯವಾಯಿತು. ಆ ಪ್ರದೇಶದಲ್ಲಿ ಶೂಲೆ ಕೆರೆಯಿತ್ತು, ಅದರ ಅಂಗಳದಲ್ಲಿ ಈಗ ಫುಟ್‌ಬಾಲ್ ಕ್ರೀಡಾಂಗಣವಿದೆ. ಗುಂಡಿಗೆ ಕೆರೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅಂಥ ನೆಲದಲ್ಲಿ ಹಳೆಯ ಕಾಲುವೆ ಎಲ್ಲಿತ್ತು, ಹಳೆಯ ಚರಂಡಿ ಎಲ್ಲಿದೆ, ಮುಚ್ಚಿದ ಬಾವಿ ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಯಂತ್ರ ಬರುವ ಮೊದಲೇ ಉತ್ತರ ಕೈಯಲ್ಲಿರಬೇಕು ಎಂದಷ್ಟೇ ಹೇಳುತ್ತಿದ್ದೇನೆ. ಕೋಲ್ಕತ್ತದ ಬೌಬಜಾರಿನಲ್ಲಿ 2019ರ ಆಗಸ್ಟ್ 31ರಂದು ನಡೆದದ್ದು ನಮಗೆಲ್ಲ ನೆನಪಿರಬೇಕು. ಅಲ್ಲಿ ಯಂತ್ರ ನೆಲದಡಿಯ ನೀರಿನ ಪದರಕ್ಕೆ ತಗುಲಿ, ನೀರು ಮಣ್ಣನ್ನು ಕೊಚ್ಚಿಕೊಂಡು ಸುರಂಗಕ್ಕೆ ನುಗ್ಗಿ, ಮೇಲಿನ ಹಳೆಯ ಮನೆಗಳು ಬಿರುಕುಬಿಟ್ಟು ಕುಸಿದು, ನೂರಾರು ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಡಬೇಕಾಯಿತು. 1984ರ ಅಕ್ಟೋಬರಿನಲ್ಲಿಯೇ ದೇಶದ ಮೊದಲ ಮೆಟ್ರೊವನ್ನು ಓಡಿಸಿದ, ನೆಲದಡಿಯ ಕೆಲಸದಲ್ಲಿ ನಮಗಿಂತ ಮೂರು ದಶಕ ಹಿರಿಯದಾದ ನಗರದಲ್ಲಿ ನಡೆದ ಘಟನೆ ಅದು.

ನಿಲ್ದಾಣಗಳ ಕೆಲಸ ಸುರಂಗಕ್ಕಿಂತ ಹೆಚ್ಚು ಕಣ್ಣಿಗೆ ಕಾಣುತ್ತದೆ, ಹೆಚ್ಚು ನೋಯಿಸುತ್ತದೆ. ಸುರಂಗವನ್ನು ಕೆಳಗಿನಿಂದಲೇ ಕೊರೆಯಬಹುದು, ನಿಲ್ದಾಣಕ್ಕೆ ಮಾತ್ರ ಮೇಲಿನಿಂದ ಬಗೆಯಲೇಬೇಕು, ಬಂಡೆ ಸಿಕ್ಕ ಕಡೆ ಅಳತೆಯ ಮದ್ದಿಟ್ಟು ಸಿಡಿಸಬೇಕು. ಗುಲಾಬಿ ಮಾರ್ಗದ ಎಂ.ಜಿ. ರಸ್ತೆ ನೆಲದಡಿ ನಿಲ್ದಾಣಕ್ಕಾಗಿ ಕಾಮರಾಜ ರಸ್ತೆಯನ್ನು 2019ರ ಜೂನ್‌ನಲ್ಲಿ ಮುಚ್ಚಿದರು. ಅದರ ಒಂದು ಬದಿ ಮತ್ತೆ ತೆರೆದದ್ದು 2024ರಲ್ಲಿ. ಐದು ವರ್ಷವೆಂದರೆ ಆ ರಸ್ತೆಯ ಸಣ್ಣ ಅಂಗಡಿಯವನಿಗೆ ವ್ಯಾಪಾರದ ಒಂದು ತಲೆಮಾರು. ಹೊಸೂರು ರಸ್ತೆಯ ಆಲ್ ಸೇಂಟ್ಸ್ ಚರ್ಚಿನ ಆವರಣದ ಹಳೆಯ ಮರಗಳಿಗೆ ನಿಲ್ದಾಣದ ಕೆಲಸದಿಂದ ಕುತ್ತು ಬರುತ್ತದೆಂದು ಜನ ಪ್ರತಿಭಟಿಸಿದರು. ಈ ಮಾರ್ಗಕ್ಕೆ ಸಾಲ ಕೊಟ್ಟಿರುವ ಐರೋಪ್ಯ ಹೂಡಿಕೆ ಬ್ಯಾಂಕಿನವರೆಗೂ ಆ ದೂರು ಹೋಯಿತು. ಮರಕ್ಕಾಗಿ ನಿಂತವರನ್ನು ಮೆಟ್ರೊದ ವಿರೋಧಿಗಳೆಂದು ಕೆಲವರು ಕರೆದದ್ದು ನನಗೆ ಒಪ್ಪಿಗೆಯಾಗಲಿಲ್ಲ. ನೆಲದಡಿಯ ಮಾರ್ಗವನ್ನು ನಾವು ಕೇಳುವುದೇ ಮೇಲಿನ ಮರ, ಬೀದಿ, ಬಾಳು ಉಳಿಯಲೆಂದು.

ನೆಲದಡಿಯ ಮಾರ್ಗಕ್ಕೆ ಕಂಬದ ಮೇಲಿನ ಮಾರ್ಗಕ್ಕಿಂತ ಎರಡು ಮೂರು ಪಟ್ಟು ವೆಚ್ಚವಾಗುತ್ತದೆ. ಆದ್ದರಿಂದಲೇ ಯೋಜನೆ ಮಾಡುವವರು ಸಾಧ್ಯವಿದ್ದಷ್ಟೂ ಕಂಬದ ಮೇಲೆ ಹೋಗಲು ಬಯಸುತ್ತಾರೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆದಾಗ ನಮ್ಮ ಮೆಟ್ರೊದ ಉದ್ದ ಸುಮಾರು 96 ಕಿಲೋಮೀಟರ್ ಆಯಿತು, ಅದರಲ್ಲಿ ನೆಲದಡಿಯಲ್ಲಿದ್ದದ್ದು ಮೊದಲ ಹಂತದ 8.8 ಕಿಲೋಮೀಟರ್ ಮಾತ್ರ, ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೆಯ ಹಂತದ 44.65 ಕಿಲೋಮೀಟರ್ ಕೂಡ ಪೂರ್ತಿಯಾಗಿ ಎತ್ತರಿಸಿದ ಮಾರ್ಗವೇ. ಹೊರವರ್ತುಲ ರಸ್ತೆಯಂಥ ಅಗಲವಾದ ದಾರಿಯಲ್ಲಿ ಅದಕ್ಕೆ ನನ್ನ ತಕರಾರಿಲ್ಲ. ಊರಿನ ಹಳೆಯ ಒಡಲಲ್ಲಿ ಮಾತ್ರ ನೆಲದಡಿಯೇ ಸರಿಯಾದ ದಾರಿ. ಎಂ.ಜಿ. ರಸ್ತೆಯ ಬುಲೆವಾರ್ಡಿನ ನೆರಳನ್ನು ಕಂಡು ಬೆಳೆದವರು ಅದರ ಜಾಗದಲ್ಲಿ ಕಂಬಗಳ ಸಾಲನ್ನು ನೋಡಿದಾಗ ಆದ ಸಂಕಟವನ್ನು ಚಿಕ್ಕಪೇಟೆಯ ಬೀದಿಗೆ ಯಾರು ತಾನೇ ಬಯಸುತ್ತಾರೆ?

ಲಂಡನ್ನಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1863ರ ಜನವರಿಯಲ್ಲಿ ಜಗತ್ತಿನ ಮೊದಲ ನೆಲದಡಿ ರೈಲು ಅಲ್ಲಿ ಓಡಿತು. ರಸ್ತೆಯನ್ನು ಅಗೆದು, ಹಳಿ ಹಾಕಿ, ಮೇಲೆ ಮುಚ್ಚಿದ ಮಾರ್ಗ ಅದು, ಎಳೆಯುತ್ತಿದ್ದದ್ದು ಉಗಿಬಂಡಿ. 1890ರಲ್ಲಿ ಆಳದ ಸುರಂಗದಲ್ಲಿ ವಿದ್ಯುತ್ ರೈಲು ಬಂತು. ಆ ಊರಿನ ಉತ್ತರ ಭಾಗದ ಕೆಳಗೆ ದಪ್ಪನೆಯ ಜೇಡಿಯ ಪದರವಿದೆ. ನೀರು ಬಿಡದ, ಬೆಣ್ಣೆಯಂತೆ ಕೊಯ್ಯಬಹುದಾದ ಆ ಜೇಡಿಯಿರುವ ಕಡೆ ಸುರಂಗ ಮಾರ್ಗಗಳು ದಟ್ಟವಾಗಿ ಬೆಳೆದವು, ನೆಲ ಬೇರೆಯಾಗಿರುವ ದಕ್ಷಿಣದಲ್ಲಿ ವಿರಳವಾಗಿ ಉಳಿದವು. ಇನ್ನಿತರ ಕಾರಣಗಳೂ ಸೇರಿರುವುದು ನಿಜವಾದರೂ, ಆ ನಗರದ ಮೆಟ್ರೊ ನಕ್ಷೆಯನ್ನು ಬರೆದವರಲ್ಲಿ ಜೇಡಿಯೂ ಒಬ್ಬ ಪಾಲುದಾರ. ಆ ದೇಶದ ಭೂವೈಜ್ಞಾನಿಕ ಸಂಸ್ಥೆ ತನ್ನಲ್ಲಿರುವ ಹತ್ತು ಲಕ್ಷಕ್ಕೂ ಹೆಚ್ಚು ಬೋರ್‌ಹೋಲ್‌ಗಳ ದಾಖಲೆಯನ್ನು ಕಾಪಾಡಿಕೊಂಡು ಬಂದಿದೆ. ಒಂದು ಬೀದಿಯ ಹೆಸರು ಹೇಳಿದರೆ ಅಲ್ಲಿ ನೂರು ವರ್ಷದ ಹಿಂದೆ ಯಾರೋ ತೋಡಿದ ಬಾವಿಯಲ್ಲಿ ಯಾವ ಆಳದಲ್ಲಿ ಏನು ಸಿಕ್ಕಿತ್ತೆಂದು ಓದಬಹುದು. ನನಗೆ ಲಂಡನ್ನಿನ ರೈಲಿಗಿಂತ ಆ ಕಡತದ ಮೇಲೆ ಆಸೆ ಹೆಚ್ಚು.

ಏಕೆಂದರೆ ಮುಂದಿನ ಸುರಂಗ ದೂರವಿಲ್ಲ. ಸರ್ಜಾಪುರದಿಂದ ಹೆಬ್ಬಾಳಕ್ಕೆ ಹೋಗುವ ಕೆಂಪು ಮಾರ್ಗಕ್ಕೆ ರಾಜ್ಯ ಸರ್ಕಾರ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. 36.59 ಕಿಲೋಮೀಟರ್ ಉದ್ದ, 28,405 ಕೋಟಿ ರೂಪಾಯಿ ಅಂದಾಜು ವೆಚ್ಚ. ಅದರಲ್ಲಿ 14.45 ಕಿಲೋಮೀಟರ್ ಮತ್ತು ಹನ್ನೊಂದು ನಿಲ್ದಾಣಗಳು ನೆಲದಡಿಯಲ್ಲಿ. ಕೋರಮಂಗಲದಿಂದ ಡೇರಿ ವೃತ್ತ, ವಿಲ್ಸನ್ ಗಾರ್ಡನ್, ಟೌನ್‌ಹಾಲ್, ಕೆ.ಆರ್. ವೃತ್ತ, ಬಸವೇಶ್ವರ ವೃತ್ತ, ಮೇಖ್ರಿ ವೃತ್ತ ಎಂದು ಊರಿನ ಒಡಲನ್ನು ಹಾಯ್ದು ಹೋಗುವ ಆ ದಾರಿಯಲ್ಲಿ ಕೆಲವೆಡೆ ಈಗಾಗಲೇ ಇರುವ ಸುರಂಗಗಳನ್ನೇ ದಾಟಬೇಕು. ಇದೇ ನೆಲದಲ್ಲಿ ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ಗೆ ಕಾರುಗಳ ಸುರಂಗ ರಸ್ತೆಯ ಮಾತೂ ನಡೆದಿದೆ. ಜನರನ್ನು ಒಯ್ಯುವ ಸಾಮರ್ಥ್ಯದ ಲೆಕ್ಕದಲ್ಲಿ ಕಿರಿದಾದ ರೈಲು ಸುರಂಗದ ಮುಂದೆ ಅದು ನಿಲ್ಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಯಾವುದೇ ಆಗಲಿ, ಅಗೆಯುವುದು ಅದೇ ಕೆಮ್ಮಣ್ಣು, ಅದೇ ಗೊರಚು, ಅದೇ ಬಂಡೆಯನ್ನು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಎರಡು ಹಂತಗಳಲ್ಲಿ ತೆಗೆದ ಪ್ರತಿಯೊಂದು ಬೋರ್‌ಹೋಲ್‌ನ ವಿವರ, ಪ್ರತಿಯೊಂದು ರಿಂಗ್ ಕೂಡಿಸುವಾಗ ಯಂತ್ರಕ್ಕೆ ಎದುರಾದ ನೆಲ, ಹೊರಬಂದ ಮಣ್ಣಿನ ಅಳತೆ, ಡಿಸ್ಕ್ ಒಡೆದ ಜಾಗ, ಮೇಲೆ ರಸ್ತೆ ಕುಗ್ಗಿದ ಜಾಗ, ಇವೆಲ್ಲವೂ ಗುತ್ತಿಗೆ ಮುಗಿದೊಡನೆ ಗುತ್ತಿಗೆದಾರರ ಕಪಾಟು ಸೇರದೆ, ಊರಿನ ಆಸ್ತಿಯಾಗಿ ಒಂದು ತೆರೆದ ಕಡತಕ್ಕೆ ಬರಬೇಕು. ಮನೆ ಕಟ್ಟಲು ಪಾಯ ತೆಗೆಯುವವರು, ಕೊಳವೆಬಾವಿ ಕೊರೆಸುವವರು, ನೀರಿನ ಕೊಳವೆ ಹೂಳುವ ಜಲಮಂಡಳಿ, ಎಲ್ಲರೂ ಅದಕ್ಕೆ ತಮ್ಮ ಸಾಲನ್ನು ಸೇರಿಸುವಂತಿರಬೇಕು. ಜೊತೆಗೆ, ಮಾರ್ಗ ಹೋಗುವ ಪ್ರತಿ ಬೀದಿಯಲ್ಲಿಯೂ ಮನೆಮನೆಗೆ ಹೋಗಿ ಮುಚ್ಚಿದ ಬಾವಿಗಳ ಪಟ್ಟಿ ಮಾಡಬೇಕು. ಯಂತ್ರದ ಮುಖದ ಒತ್ತಡ ಅಂಥದೊಂದು ಬಾವಿಯ ಮೂಲಕ ಮೇಲಕ್ಕೆ ಹಾರಿಹೋದರೆ ನೆಲವನ್ನು ಹಿಡಿದಿಡುವುದು ಕಷ್ಟ. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಹಳಬರು ಬದುಕಿರುವಾಗಲೇ ಆಗಬೇಕಾದ ಕೆಲಸವಿದು, ಏಕೆಂದರೆ ಆ ಬಾವಿಗಳು ಯಾವ ನಕ್ಷೆಯಲ್ಲಿಯೂ ಇಲ್ಲ.

ಸಭೆ ಮುಗಿದ ಮೇಲೆ ವಿಲ್ಸನ್ ಗಾರ್ಡನ್ನಿನಿಂದ ಬಂದಿದ್ದ ಹಿರಿಯ ತಾಯಿಯೊಬ್ಬರು ನನ್ನ ಬಳಿಗೆ ಬಂದರು. ಈ ಬರಹದಲ್ಲಿ ಅವರ ಮಾತನ್ನೂ ಸೇರಿಸುವುದು ಸರಿಯೆಂದು ತೋರಿತು. ‘ನಮ್ಮ ಮನೆ ಹಿತ್ತಲಲ್ಲಿ ಬಾವಿ ಇತ್ತಪ್ಪಾ, ಬೀದಿಗೆಲ್ಲ ಅದೇ ನೀರು. ಕಾವೇರಿ ನೀರು ನಲ್ಲೀಲಿ ಬಂದ ಮೇಲೆ ನಮ್ಮ ಮಾವನೋರು ಇಟ್ಟಿಗೆ ಚೂರು, ಮಣ್ಣು ಹಾಕಿಸಿ ಮುಚ್ಚಿಸಿಬಿಟ್ಟರು. ಈಗ ಅದರ ಮೇಲೆ ತುಳಸಿಕಟ್ಟೆ ಇದೆ’ ಎಂದರು. ಎಷ್ಟು ಆಳವಿತ್ತಮ್ಮಾ ಎಂದು ಕೇಳಿದೆ. ಅವರು ಎರಡೂ ಕೈಗಳನ್ನು ಹಗ್ಗ ಸೇದುವವರಂತೆ ಒಂದಾದ ಮೇಲೊಂದು ಚಾಚಿ, ಬಾಯಲ್ಲಿ ಎಣಿಸುತ್ತ ಹೋಗಿ, ‘ಬೇಸಿಗೇಲಿ ಇಪ್ಪತ್ತೆರಡು ಮೊಳ ಹಗ್ಗ ಬೇಕಾಗೋದು, ಅದರ ಕೆಳಗೂ ನೀರಿತ್ತು’ ಎಂದರು. ಬೀದಿಯ ಹೆಸರು, ಮನೆಯ ನಂಬರು, ತುಳಸಿಕಟ್ಟೆಗೂ ಹಿಂದಿನ ಗೋಡೆಗೂ ಇರುವ ಅಂತರ, ಇಪ್ಪತ್ತೆರಡು ಮೊಳ, ಇಷ್ಟನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಅವರ ಹಿಂದೆ ಇನ್ನೂ ಇಬ್ಬರು ತಮ್ಮ ಬಾವಿಗಳನ್ನು ಬರೆಸಲು ನಿಂತಿದ್ದರು.